ಗಂಡನ ಊರಿಗೆ ಮುನ್ನ ಒಂದು ಎಕ್ಸ್‌-ರೇ

ಮದುವೆ ಮುಗಿದಿದೆ. ಅಳಿಯ ರಜೆ ತೀರಿ ಲಂಡನ್ನಿಗೆ ಮರಳಿದ್ದಾನೆ. ಮಗಳ ವಿಸಾಕ್ಕೆಂದು ಮದುವೆ ನೋಂದಣಿ ಪತ್ರ, ಬ್ಯಾಂಕಿನ ಕಾಗದ, ಫೋಟೋಗಳೆಲ್ಲ ಸಿದ್ಧ. ಆಗ ತಿಳಿಯುತ್ತದೆ, ಇನ್ನೊಂದು ಬೇಕು: ಕ್ಷಯರೋಗವಿಲ್ಲವೆಂಬ ಪ್ರಮಾಣಪತ್ರ. ‘ನಮ್ಮ ಹುಡುಗಿಗೆ ಒಂದು ದಿನ ಕೆಮ್ಮು ಬಂದದ್ದಿಲ್ಲ, ಇದೇನು ಅವಮಾನ!’ ಎಂದು ಮನೆಯ ಹಿರಿಯರು ಗೊಣಗುತ್ತಾರೆ.

ಅವಮಾನವೇನೂ ಇಲ್ಲ. ಬ್ರಿಟನ್ನಿನಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಇರಲು ಭಾರತದಿಂದ ಹೊರಡುವ ವಿದ್ಯಾರ್ಥಿ, ನೌಕರ, ಹೆಂಡತಿ, ಗಂಡ ಬಹುತೇಕ ಎಲ್ಲರಿಗೂ ಇದೇ ನಿಯಮ. ಹಿಂದೆ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಬಂದಿಳಿದವರ ಎದೆಯ ಎಕ್ಸ್‌-ರೇ ತೆಗೆಯುವ ವ್ಯವಸ್ಥೆಯಿತ್ತು. 2012ರಿಂದ ಹಂತಹಂತವಾಗಿ ಅದನ್ನು ಕೈಬಿಟ್ಟು, ವಿಸಾಕ್ಕೆ ಮೊದಲೇ ಸ್ವದೇಶದಲ್ಲಿ ಪರೀಕ್ಷೆ ಮಾಡುವ ಪದ್ಧತಿ ತಂದರು.

ಪರೀಕ್ಷೆ ಸರಳ. ಹನ್ನೊಂದು ವರ್ಷ ದಾಟಿದವರಿಗೆ ಎದೆಯ ಎಕ್ಸ್‌-ರೇ. ಗಾಳಿ ತುಂಬಿದ ಶ್ವಾಸಕೋಶ ಕಿರಣಗಳನ್ನು ಸಲೀಸಾಗಿ ಬಿಡುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಮೂಳೆ ಕಿರಣಗಳನ್ನು ತಡೆದು ಬೆಳ್ಳಗೆ ಮೂಡುತ್ತದೆ. ಕ್ಷಯ ಹಿಡಿದ ಭಾಗದಲ್ಲಿ ಗಾಳಿಯ ಜಾಗವನ್ನು ಕೀವು, ಗಟ್ಟಿಯಾದ ಅಂಗಾಂಶ ಆಕ್ರಮಿಸಿರುತ್ತವೆ. ಆದ್ದರಿಂದ ಕಪ್ಪಿನ ನಡುವೆ ಬಿಳಿ ಮಚ್ಚೆ. ಕಿರಣಗಳ ಭಯ ಬೇಡ: ಒಂದು ಚಿತ್ರದಿಂದ ಮೈಗೆ ತಗಲುವುದು, ನೆಲ ಮತ್ತು ಆಕಾಶದಿಂದ ಕೆಲವೇ ದಿನಗಳಲ್ಲಿ ನಮಗೆಲ್ಲ ತಾನಾಗಿ ಸಿಗುವಷ್ಟು. (1895ರಲ್ಲಿ ರಾಂಟ್‌ಜೆನ್ ತೆಗೆದ ಪ್ರಸಿದ್ಧ ಎಕ್ಸ್‌-ರೇ ಚಿತ್ರವೂ ಅವನ ಹೆಂಡತಿಯ ಕೈಯದೇ, ಉಂಗುರ ಸಮೇತ!)

ಮಚ್ಚೆ ಕಂಡೊಡನೆ ರೋಗವೆಂದಲ್ಲ. ಬಾಲ್ಯದಲ್ಲಿ ವಾಸಿಯಾದ ಕ್ಷಯದ ಕಲೆಯೂ ಹಾಗೆಯೇ ಕಾಣಬಹುದು. ಸಂಶಯ ಬಂದರೆ ಕಫವನ್ನು ಪರೀಕ್ಷಿಸುತ್ತಾರೆ. ಸಾಮಾನ್ಯ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾದರೆ, ಕ್ಷಯದ್ದು ಎರಡಾಗಲು ಸುಮಾರು ಇಪ್ಪತ್ತು ಗಂಟೆ ಬೇಕು. ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಿ ನೋಡಲು ಎರಡು ತಿಂಗಳವರೆಗೆ ಕಾಯಬೇಕಾಗುತ್ತದೆ. ಟಿಕೆಟ್ ಕಾದಿರಿಸಿದ ಮನೆಗಳಲ್ಲಿ ರಂಪವಾಗುವುದು ಇಲ್ಲಿಯೇ. ಕೊನೆಗೆ ಕ್ಷಯವೆಂದೇ ತಿಳಿದರೂ ಬಾಗಿಲು ಮುಚ್ಚಿತೆಂದಲ್ಲ. ಸಾಮಾನ್ಯವಾಗಿ ಆರು ತಿಂಗಳ ಔಷಧ ಮುಗಿಸಿ ಮತ್ತೆ ಪರೀಕ್ಷೆಗೆ ಹೋಗಬಹುದು.

ಹಾಗಾದರೆ ಹಿರಿಯರ ಸಂಶಯಕ್ಕೆ ಆಧಾರವೇ ಇಲ್ಲವೆ? ಇದೆ. 1979ರ ಜನವರಿಯಲ್ಲಿ 35 ವರ್ಷದ ಭಾರತೀಯ ಶಿಕ್ಷಕಿಯೊಬ್ಬರು ಮದುವೆಯಾಗಲು ಹೀಥ್ರೂನಲ್ಲಿ ಇಳಿದರು. ಮೂರು ತಿಂಗಳೊಳಗೆ ಮದುವೆಯಾಗಲಿರುವ ಹೆಣ್ಣಿಗೆ ಆಗ ವಿಸಾ ಬೇಕಿರಲಿಲ್ಲ. ಈಗಾಗಲೇ ಹೆಂಡತಿಯಾದವಳಿಗೆ ಮುಂಚಿತ ಅನುಮತಿ ಬೇಕಿತ್ತು. ಇವರು ಸುಳ್ಳು ಹೇಳುತ್ತಿರಬಹುದೆಂದು ಅಧಿಕಾರಿಗಳು ವೈದ್ಯರಿಂದ ‘ಕನ್ಯತ್ವ ಪರೀಕ್ಷೆ’ ಮಾಡಿಸಿದರು. ಸುದ್ದಿ ಪತ್ರಿಕೆಯಲ್ಲಿ ಬಂದು ಗದ್ದಲವಾದ ಮೇಲೆ ಅದನ್ನು ನಿಲ್ಲಿಸಿದರು. ಭಾರತೀಯ ಉಪಖಂಡದ ಕನಿಷ್ಠ 80 ಹೆಂಗಸರು ಇದಕ್ಕೆ ಗುರಿಯಾಗಿದ್ದರೆಂಬುದು, ಆಸ್ಟ್ರೇಲಿಯದ ಸಂಶೋಧಕರು ಹಳೆಯ ಕಡತಗಳನ್ನು ತೆಗೆದು ನೋಡಿದಾಗ 2011ರಲ್ಲಿ ಬೆಳಕಿಗೆ ಬಂತು. ಆ ಪರೀಕ್ಷೆ ಅಸಹ್ಯ ಮಾತ್ರವಲ್ಲ, ವಿಜ್ಞಾನವೂ ಅಲ್ಲ. ಅಂಗರಚನೆ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಅದನ್ನು ನೋಡಿ ಯಾರ ಜೀವನ ಹೇಗಿತ್ತೆಂದು ಯಾವ ವೈದ್ಯನೂ ಹೇಳಲಾರ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿತು.

ತಾಯಿಯ ಜೊತೆ ತಂದೆಯನ್ನು ಸೇರಲು ಹೊರಟ ಮಕ್ಕಳ ಮೂಳೆಗಳ ಎಕ್ಸ್‌-ರೇ ತೆಗೆದು ವಯಸ್ಸು ಅಳೆಯುವ ಪದ್ಧತಿಯೂ ಅದೇ ಕಾಲದಲ್ಲಿತ್ತು. ಮೂಳೆಯ ತುದಿಗಳು ಬೆಸೆಯುವ ವಯಸ್ಸು ಮಗುವಿನಿಂದ ಮಗುವಿಗೆ ಒಂದೆರಡು ವರ್ಷ ಹಿಂದುಮುಂದಾಗುತ್ತದೆ. ಊಟ, ಕಾಯಿಲೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅದನ್ನು 1982ರಲ್ಲಿ ಕೈಬಿಟ್ಟರು. ಯಂತ್ರ ಅದೇ, ಶ್ವಾಸಕೋಶದ ಬಗ್ಗೆ ಕೇಳಿದರೆ ಉತ್ತರ ಕೊಡುತ್ತದೆ, ಹುಟ್ಟಿದ ತಾರೀಖು ಕೇಳಿದರೆ ತಡವರಿಸುತ್ತದೆ.

ಈಗ ಹೊರಡುವವರಿಗೆ ನಾಲ್ಕು ಮಾತು. ಮನೆ ವೈದ್ಯರು ಬರೆದುಕೊಟ್ಟ ಚೀಟಿ ನಡೆಯುವುದಿಲ್ಲ. ಬ್ರಿಟನ್ ಸರ್ಕಾರ ಗೊತ್ತುಮಾಡಿದ ಕ್ಲಿನಿಕ್ಕಿಗೇ ಹೋಗಬೇಕು. ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಆರು ತಿಂಗಳ ಆಯುಸ್ಸು, ಆದ್ದರಿಂದ ತೀರಾ ಮುಂಚೆ ಮಾಡಿಸಿ ಪ್ರಯೋಜನವಿಲ್ಲ. ಹಿಂದೆ ಕ್ಷಯವಾಗಿದ್ದರೆ ಬಚ್ಚಿಡದೆ ಚಿಕಿತ್ಸೆಯ ಕಾಗದಗಳನ್ನು ಒಯ್ಯಿರಿ. ಕಲೆಯಂತೂ ಚಿತ್ರದಲ್ಲಿ ಕಂಡೇ ಕಾಣುತ್ತದೆ. ಗರ್ಭಿಣಿಯಾಗಿದ್ದರೆ ಮೊದಲೇ ಹೇಳಬೇಕು. ಹೊಟ್ಟೆಗೆ ಸೀಸದ ಹೊದಿಕೆ ಹಾಕಿ ಎಕ್ಸ್‌-ರೇ, ಇಲ್ಲವೆ ನೇರವಾಗಿ ಕಫ ಪರೀಕ್ಷೆ, ಇಲ್ಲವೆ ಹೆರಿಗೆಯವರೆಗೆ ಕಾಯುವುದು, ಮೂರಕ್ಕೂ ಅವಕಾಶವಿದೆ. ಆಯ್ಕೆ ಅವಳದು, ಅತ್ತೆಮಾವಂದಿರದಲ್ಲ.