ಭಯ ನಾಯಿಯದಲ್ಲ, ಮಣ್ಣಿನದು
ಶ್ರೀರಾಂಪುರದ ಬೀದಿಗಳಲ್ಲಿ ಬೆಳಗಿನ ವಾಕಿಂಗ್‌ಗೆ ಬರುವ ಸಾಕುನಾಯಿ ಕಂಡರೆ ಮಕ್ಕಳನ್ನು ಪಕ್ಕಕ್ಕೆಳೆದುಕೊಳ್ಳುವವರಿದ್ದಾರೆ. ನೆಕ್ಕಿದರೆ ಹೊಟ್ಟೆಹುಳು ಬಂದೇಬಿಡುತ್ತದೆಂಬ ಅಂಜಿಕೆ. ಅಪಾಯ ಸುಳ್ಳಲ್ಲ, ಆದರೆ ಅದರ ಜಾಗ ಬೇರೆ. ನಾಯಿಯ ದುಂಡುಹುಳು ಟೊಕ್ಸೊಕಾರಾದ ಮೊಟ್ಟೆ ಮಲದೊಂದಿಗೆ ಬಿದ್ದ ದಿನವೇ ಸೋಂಕು ತಗಲಿಸದು. ಮಣ್ಣಿನಲ್ಲಿ 2–3 ವಾರ ಬಲಿಯಬೇಕು. ಬಲಿತರೆ ತಿಂಗಳುಗಟ್ಟಲೆ ಉಳಿಯುತ್ತದೆ. ಆ ಮಣ್ಣಲ್ಲಾಡಿದ ಮಗು ಕೈ ಬಾಯಿಗಿಟ್ಟರೆ ಮರಿಹುಳು ಯಕೃತ್ತಿಗೆ, ಅಪರೂಪಕ್ಕೆ ಕಣ್ಣಿಗೂ ಹೋದೀತು. ಕೊಕ್ಕೆಹುಳುವಿಗಂತೂ ಒಳಹೊಗಲು ಬರಿಗಾಲೇ ಸಾಕು. ನಾಯಿಮರಿಗೆ 2ನೇ ವಾರದಿಂದಲೇ ಜಂತುಹುಳುವಿನ ಔಷಧ ಬೇಕು, ದೊಡ್ಡ ನಾಯಿಗೆ ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ. ರೇಬೀಸ್ ಲಸಿಕೆ ತಪ್ಪಿಸದ ಮಾಲೀಕರೂ ಇದನ್ನು ಮರೆಯುತ್ತಾರೆ. ಮಲ ಎತ್ತುವ ಚೀಲವಿಲ್ಲದೆ ನಾಯಿಯನ್ನು ಪಾರ್ಕಿಗೆ ತರುವವರಿಗೆ ದಂಡ ಬೀಳಲಿ. ಗೇಟಿನ ಬಳಿ ಮುಚ್ಚಳವಿರುವ ಕಸದ ಡಬ್ಬಿಯನ್ನೂ ಇಡಲಿ.