ಕೆಲಸದ ಚಾರ್ಟು ಗೋಡೆಯ ಮೇಲಿರಲಿ

ಹೋಟೆಲ್ ರಿನೋವೇಶನಿಗೆಂದು ಹದಿನೈದು ದಿನಕ್ಕೆ ಬಾಗಿಲು ಹಾಕಿ ಒಂದೂವರೆ ತಿಂಗಳ ನಂತರ ತೆರೆಯುವುದು ನಮ್ಮ ಮಾಲಕ ಬಂಧುಗಳಿಗೆ ಹೊಸ ಸಂಗತಿಯಲ್ಲ. ಗಲ್ಲಾಕ್ಕೆ ರೂಪಾಯಿ ಬೀಳದಿದ್ದರೂ ಬಾಡಿಗೆ, ಪಗಾರ, ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ. ಬೆಳಗಿನ ಇಡ್ಲಿಯ ಗಿರಾಕಿಗೆ ಎದುರಿನ ಹೋಟೆಲು ರೂಢಿಯಾಗುತ್ತದೆ. ಊರಿಗೆ ಹೋದ ಅಡುಗೆಯವರು ಬೇರೆ ಕಡೆ ಸೇರಿಕೊಳ್ಳುತ್ತಾರೆ. ಕೆಲಸ ಎಲ್ಲಿಗೆ ಬಂತೆಂದು ಕೇಳಿದರೆ ಕಂಟ್ರಾಕ್ಟರನ ಉತ್ತರ ಮಾತ್ರ ಒಂದೇ: "ತೊಂಬತ್ತು ಪರ್ಸೆಂಟ್ ಆಯ್ತು ಸೇಠ್!" ಉಳಿದ ಹತ್ತಕ್ಕೆ ಎಷ್ಟು ದಿನ ಬೇಕೆಂದು ಅವನೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಇದಕ್ಕೆ ಕಂಪ್ಯೂಟರ್ ಬೇಕಿಲ್ಲ, ಒಂದು ದೊಡ್ಡ ಕಾಗದ ಸಾಕು. ಅಮೆರಿಕದ ಇಂಜಿನಿಯರ್ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಪ್ರಚಾರಕ್ಕೆ ತಂದ ಚಾರ್ಟು ಇಂದಿಗೂ ಅವನ ಹೆಸರಿನಲ್ಲೇ ಇದೆ. ಎಡಗಡೆ ಕೆಲಸಗಳು, ಮೇಲ್ಗಡೆ ತಾರೀಕುಗಳು. ಪ್ರತಿಯೊಂದು ಕೆಲಸ ಎಂದು ಶುರು, ಎಂದು ಮುಕ್ತಾಯ ಎಂಬುದಕ್ಕೆ ಒಂದು ಪಟ್ಟಿ ಎಳೆಯಬೇಕು. ಅದರ ಕೆಳಗೆ ಬೇರೆ ಬಣ್ಣದಲ್ಲಿ, ನಿಜಕ್ಕೂ ಆದದ್ದನ್ನು ಪ್ರತಿ ಸಂಜೆ ತುಂಬಬೇಕು.

ನಮ್ಮ ಕಿಚನನ್ನೇ ತೆಗೆದುಕೊಳ್ಳಿ. ಹಳೆಯ ಲಾದಿ ಕಿತ್ತ ಮೇಲೆ ಮೋರಿಯ ಪೈಪು, ಅದರ ನಂತರವೇ ಹೊಸ ಲಾದಿ. ಈ ಸರದಿಯನ್ನು ಯಾರೂ ತಪ್ಪಿಸಲಾಗದು. ಆದರೆ ಎಕ್ಸಾಸ್ಟಿನ ಡಕ್ಟು, ಸ್ಟೀಲಿನ ಟೇಬಲುಗಳು ಹೊರಗೆ ವರ್ಕ್‌ಶಾಪಿನಲ್ಲಿ ತಯಾರಾಗುವಂಥವು. ಬಾಗಿಲು ಹಾಕುವ ಮೊದಲೇ ಅಳತೆ ಕೊಟ್ಟರೆ ಲಾದಿ ಒಣಗುವಷ್ಟರಲ್ಲಿ ಅವು ಸಿದ್ಧ. ಕಾಗದದ ಮೇಲೆ ಬರೆಯುವವರೆಗೆ ಇದು ಹೊಳೆಯುವುದಿಲ್ಲ, ಲಾದಿ ಮುಗಿದ ಮೇಲೆ ಡಕ್ಟಿನ ಆರ್ಡರ್ ಹೋಗುತ್ತದೆ! ಹೆಚ್ಚಿನ ದಿನಗಳು ಹಾಳಾಗುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ತುಂಬುವಾಗ ಪರ್ಸೆಂಟಿನ ಲೆಕ್ಕ ಬೇಡ. ಒಂದು ಬಾಲ್ದಿ ನೀರು ಹೊಯ್ದಾಗ ಅದು ಮೋರಿಯತ್ತ ಹರಿಯಿತೇ? ಹರಿದರೆ ಆಯಿತು, ಇಲ್ಲವಾದರೆ ಆಗಿಲ್ಲ. ಮೊದಲು ಬರೆದ ತಾರೀಕನ್ನು ಅಳಿಸಲೂ ಬಾರದು. ಇನ್ನೊಂದು ಮಾತು: ಕೆಲಸ ಹಿಂದೆ ಬಿದ್ದಿದೆಯೆಂದು ತೋರಿಸಿದ ಮ್ಯಾನೇಜರನನ್ನು ಎಲ್ಲರೆದುರು ಗದರಿದರೆ, ಮರುದಿನ ಅವನ ಚಾರ್ಟಿನಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ.

"ನಮ್ಮ ದಹಿಸರ್ ಮೆಟ್ರೋಗೆ ಚಾರ್ಟುಗಳು ಕಡಿಮೆಯಿದ್ದವೇ?" ಎಂದು ಕೇಳುವವರಿದ್ದಾರೆ. ನಿಜ, 2015ರಲ್ಲಿ ಶಂಕುಸ್ಥಾಪನೆಯಾದ 2ಎ ಮತ್ತು 7ನೇ ಮಾರ್ಗಗಳು ಪೂರ್ತಿಯಾಗಿ ತೆರೆದದ್ದು 2023ರ ಜನವರಿಯಲ್ಲಿ. ನಡುವೆ 2020ರ ಲಾಕ್‌ಡೌನ್ ಬೇರೆ. ಚಾರ್ಟು ತಡವನ್ನು ತಪ್ಪಿಸುವ ಮಂತ್ರವಲ್ಲ. ಆದರೆ ಅದೇ ಮೆಟ್ರೋ 2022ರ ಏಪ್ರಿಲ್ 2ರಂದು ದಹಿಸರ್ ಪೂರ್ವದಿಂದ ಆರೆಗೆ, ಡಹಾಣುಕರ್‌ವಾಡಿಗೆ, ಮುಗಿದಷ್ಟು ದೂರ ಓಡಲಾರಂಭಿಸಿತು. ಹಾಗೆಯೇ ಎಸಿ ಹಾಲ್ ಬಾಕಿಯಿದ್ದರೂ ಕಿಚನಿನ ಸಾಲುಗಳೆಲ್ಲ ತುಂಬಿದ ದಿನ ಪಾರ್ಸೆಲ್ ಕೌಂಟರ್ ತೆರೆಯಬಹುದು.

ಕಂಟ್ರಾಕ್ಟರನ ಕಂತನ್ನೂ ಚಾರ್ಟಿನ ಸಾಲುಗಳಿಗೇ ಜೋಡಿಸಿ, ಮಾತುಕತೆಯ ದಿನವೇ ಅವನ ಸಹಿ ಹಾಕಿಸಿಕೊಳ್ಳಿ. ಅಡ್ವಾನ್ಸ್ ಕೊಟ್ಟ ಮೇಲೆ ಅವನು ಸಹಿ ಹಾಕಲಾರ.