ರಾಜಕೀಯ ನಮಗ್ಯಾಕೆ ಅನ್ನೋರಿಗೆ

ಸರ್ವರ್ ಡೌನ್ ಆದರೆ ರಾತ್ರಿಯಿಡೀ ಕೂತು ರೂಟ್ ಕಾಸ್ ಹುಡುಕ್ತೀವಿ. ಅದೇ ಎಲ್ಲೋ ಹಳ್ಳಿಯಲ್ಲಿ ಜ್ವರ ಬಂದು ಜನ ಸತ್ತರೆ? "ಅವರಿಗೆ ಕ್ಲೀನಾಗಿರೋಕೆ ಬರಲ್ಲ ಗುರೂ" ಅಂತ ಒಂದೇ ಸಾಲಲ್ಲಿ ಟಿಕೆಟ್ ಕ್ಲೋಸ್! ಆಫೀಸ್ ಕ್ಯಾಂಟೀನಿನಲ್ಲಿ ಈ ಮಾತು ಕೇಳಿದಾಗೆಲ್ಲ ನನಗೆ ರುಡಾಲ್ಫ್ ವಿರ್ಚೋ ನೆನಪಾಗ್ತಾನೆ.

ಪಿಯುಸಿ ಬಯಾಲಜಿಯಲ್ಲಿ ಇವನ ಬಗ್ಗೆ ಓದಿದ್ದು ಒಂದೇ ವಿಷಯ: ಜೀವಕೋಶ ಹುಟ್ಟೋದು ಇನ್ನೊಂದು ಜೀವಕೋಶದಿಂದ. ಒಂದು ಮಾರ್ಕ್ಸಿನ ಪ್ರಶ್ನೆ. ಮಿಕ್ಕಿದ್ದನ್ನು ಯಾರೂ ಹೇಳಲಿಲ್ಲ.

1848ರಲ್ಲಿ ಪ್ರಷ್ಯಾದ ಅಪ್ಪರ್ ಸೈಲೀಷಿಯಾದಲ್ಲಿ ಟೈಫಸ್ ಹಬ್ಬಿತು. ಸರ್ಕಾರ ತನಿಖೆಗೆ ಕಳಿಸಿದ್ದು 26 ವರ್ಷದ ಈ ಡಾಕ್ಟರನ್ನು. ಅವನು ಕಂಡದ್ದು ಹಸಿವು, ಇಕ್ಕಟ್ಟಾದ ಗುಡಿಸಲುಗಳು, ಪೋಲಿಷ್ ಮಾತಾಡುವ ಬಡವರು, ಅವರ ಮೇಲೆ ಜರ್ಮನ್ ಮಾತಾಡುವ ಅಧಿಕಾರಿಗಳು. ವರದಿಯಲ್ಲಿ ಅವನು ಕೇಳಿದ್ದು ಔಷಧಿಯನ್ನಷ್ಟೇ ಅಲ್ಲ. ಶಾಲೆ ಕೊಡಿ, ರಸ್ತೆ ಮಾಡಿ, ಜನರ ಭಾಷೆಯಲ್ಲೇ ಆಡಳಿತ ನಡೆಸಿ, ಅವರ ಊರನ್ನು ಅವರೇ ಆಳಲಿ ಎಂದ. ವಾಪಸ್ ಬಂದವನೇ ಬರ್ಲಿನ್ ಬೀದಿಯಲ್ಲಿ ಕ್ರಾಂತಿಕಾರರ ಜೊತೆ ನಿಂತ. ಮರುವರ್ಷ ಕೆಲಸ ಹೋಯ್ತು, ಊರು ಬಿಡಬೇಕಾಯ್ತು. 1856ರಲ್ಲಿ ಅದೇ ಬರ್ಲಿನ್ ಅವನನ್ನು ಪ್ರೊಫೆಸರ್ ಮಾಡಿ ಕರೆಸಿಕೊಂಡಿತು. ಆಗಲಾದರೂ ಲ್ಯಾಬಿನಲ್ಲಿ ಸುಮ್ಮನೆ ಕೂತನಾ? ಇಲ್ಲ. ನಗರಸಭೆಗೆ ಆಯ್ಕೆಯಾಗಿ, ಬರ್ಲಿನ್ನಿಗೆ ಒಳಚರಂಡಿ ಬೇಕೇ ಬೇಕು ಅಂತ ಪಟ್ಟು ಹಿಡಿದ.

"ಟೈಫಸ್ ಹರಡೋದು ಹೇನಿನಿಂದ ಅಂತ 1909ರಲ್ಲಿ ಗೊತ್ತಾಯ್ತಲ್ಲ?" ಅಂತೀರಾ. ನಿಜ. ರೋಗಾಣುಗಳ ವಿಷಯದಲ್ಲಿ ವಿರ್ಚೋ ಅನುಮಾನ ಬಿಡಲಿಲ್ಲ. ಬಾಣಂತಿ ಜ್ವರದ ಬಗ್ಗೆ ಸೆಮ್ಮೆಲ್ವೈಸ್ ಹೇಳಿದ್ದಕ್ಕೂ ಅಡ್ಡ ಮಾತಾಡಿದ. ಅದು ಸಣ್ಣ ತಪ್ಪಲ್ಲ. ಆದರೆ ಮೈತುಂಬ ಹೇನಾಗಿದ್ದು ಯಾಕೆ? ಬದಲಿಸೋಕೆ ಇನ್ನೊಂದು ಜೊತೆ ಬಟ್ಟೆ ಇಲ್ಲದವನಿಗೆ 'ಕ್ಲೀನಾಗಿರು' ಅನ್ನೋದು ಉಪದೇಶ ಆದೀತು, ಚಿಕಿತ್ಸೆ ಆಗಲ್ಲ.

ನಮ್ಮೂರಲ್ಲಿ ನಲ್ಲಿ ಪೈಪು ಚರಂಡಿಯೊಳಗೇ ಹಾದುಹೋಗಿತ್ತು. ಪ್ರತಿ ಮಳೆಗಾಲ ವಾಂತಿಭೇದಿ. ಬಂದವರೆಲ್ಲ ನೀರು ಕಾಯಿಸಿ ಕುಡೀರಿ ಅಂತ ಹೇಳಿ ಹೋಗ್ತಿದ್ರು. ಸೌದೆ ಯಾರು ಕೊಡ್ತಾರೆ ಅಂತ ಅವ್ವ ಕೇಳ್ತಿದ್ಲು. ಕೊನೆಗೆ ಪೈಪು ಬೇರೆ ಕಡೆ ಹಾಕಿಸಿದ್ದು ಡಾಕ್ಟರಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು ಜಗಳ ಆಡಿದ ಹತ್ತು ಹೆಂಗಸರು. ನಾವು ಮೂಗು ಮುರೀತೀವಲ್ಲ, ಆ ರಾಜಕೀಯ ಅಂದ್ರೆ ಇದೇ.

ಆದ್ದರಿಂದ 'ನಾನು ಟೆಕ್ನಿಕಲ್ ಮನುಷ್ಯ, ರಾಜಕೀಯ ನನಗ್ಯಾಕೆ' ಅಂತ ದಯವಿಟ್ಟು ಹೇಳಬೇಡಿ. ವಿರ್ಚೋಗಿಂತ ಟೆಕ್ನಿಕಲ್ಲಾ ನೀವು? ರೂಟ್ ಕಾಸ್ ನಿಜವಾಗಿಯೂ ಬೇಕಿದ್ರೆ, ಮುಂದಿನ ವೋಟಿನ ದಿನ ರೆಸಾರ್ಟ್ ಬುಕ್ ಮಾಡೋ ಮುಂಚೆ ನಿಮ್ಮ ವಾರ್ಡಿನ ಚರಂಡಿ ಎಲ್ಲಿ ಹೋಗಿ ಸೇರುತ್ತೆ ಅಂತ ಒಮ್ಮೆ ನೋಡಿ ಬನ್ನಿ.